ಲುಡ್ವಿಗ್ಸ್‌ಬರ್ಗ್‌ನಲ್ಲಿ ನುಡಿದ ಬೆಂಗಳೂರಿನ ಮೃದಂಗ

ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಹೋದವರಿಗೆ ಹೊರನಾಡಿನ ವಾದ್ಯ ಹೊಸದೇನಲ್ಲ. ಅಲ್ಲಿ ಬೆಳತನಕ ನಡೆಯುವ ಕಂಪನಿ ನಾಟಕಗಳ ಜೀವವೇ ಆಗಿರುವ ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನಲ್ಲಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ಕಛೇರಿಗೇ ತಂದು ಕೂರಿಸಿದರು. ಇದೆಲ್ಲ ವಾದ್ಯ ನಮ್ಮ ಕಡೆ ಬಂದ ಕಥೆ. ನಮ್ಮ ತಾಳ ಅತ್ತ ಹೋದ ಕಥೆ ‘ಜ್ಯೋತಿ’ ಎಂಬ ಆಲ್ಬಮ್ಮಿನಲ್ಲಿದೆ.

ಇದರ ಬೇರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಸಂಸ್ಥೆ. ಕಛೇರಿಯಲ್ಲಿ ಪಕ್ಕವಾದ್ಯವೆಂದು ಬದಿಗೆ ಕೂರುವ ಮೃದಂಗ, ಘಟ, ಖಂಜಿರ, ಮೋರ್ಚಿಂಗ್‌ಗಳನ್ನು ಅವರು ವೇದಿಕೆಯ ನಡುವಿಗೆ ತಂದರು. 1970ರ ದಶಕದ ಕೊನೆಗೆ ಜರ್ಮನಿಯ ‘ಎಂಬ್ರಿಯೋ’ ತಂಡ ಬಸ್ಸಿನಲ್ಲಿ ಭಾರತದವರೆಗೆ ಬಂತು. ಬೆಂಗಳೂರಿನವರಿಗೂ ಜರ್ಮನಿಗೂ ನಂಟು ಬೆಳೆದದ್ದು ಇಂಥ ಅಲೆಮಾರಿಗಳಿಂದಲೇ. ‘ಡಿಸಿಡೆಂಟನ್’ ತಂಡದೊಂದಿಗೆ ಕಾಲೇಜಿನವರು ನುಡಿಸಿದ ‘ಜರ್ಮನಿಸ್ತಾನ್’ ಆಲ್ಬಮ್ 1982ರಲ್ಲಿ ಹೊರಬಂತು.

‘ಜ್ಯೋತಿ’ಯಲ್ಲಿ ಕಾಲೇಜಿನವರ ಜತೆಗೂಡಿದ ಚಾರ್ಲಿ ಮರಿಯಾನೋ ಹುಟ್ಟಿದ್ದು 1923ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ. ಚಾರ್ಲ್ಸ್ ಮಿಂಗಸ್‌ನಂಥ ಘಟಾನುಘಟಿಯ ಜತೆ ನುಡಿಸಿದ ಜಾಝ್ ಸ್ಯಾಕ್ಸೋಫೋನ್ ವಾದಕ. ಹೆಸರು ಮಾಡಿದ ಮೇಲೂ ಶಿಷ್ಯನಾಗಿ ಕುಳಿತು ನಾಗಸ್ವರ ಕಲಿತ ಮನುಷ್ಯ. ‘ಫ್ಯೂಷನ್’ ಎಂದು ಬೋರ್ಡು ಹಾಕಿಕೊಂಡವರಲ್ಲಿ ಇಷ್ಟು ತಾಳ್ಮೆ ಅಪರೂಪ.

1983ರ ಫೆಬ್ರುವರಿಯಲ್ಲಿ ಮರಿಯಾನೋ ಮತ್ತು ಕಾಲೇಜಿನ ಕಲಾವಿದರು ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಊರಿನ ಬಾವರ್ ಸ್ಟುಡಿಯೋದಲ್ಲಿ ಸೇರಿದರು. ಹಾಡಲು ಆರ್.ಎ. ರಮಾಮಣಿ, ಮೃದಂಗಕ್ಕೆ ಅವರ ಪತಿ ಮಣಿ, ಘಟ ಮತ್ತು ಮೋರ್ಚಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ನಿರ್ಮಾಪಕ ಮ್ಯಾನ್‌ಫ್ರೆಡ್ ಐಷರ್, 1969ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾದ ಇಸಿಎಂ ಕಂಪನಿಯ ರೂವಾರಿ. ನಾದದಷ್ಟೇ ನಿಶ್ಶಬ್ದಕ್ಕೂ ಬೆಲೆ ಕೊಡುವ ಧ್ವನಿಮುದ್ರಣಕ್ಕೆ ಹೆಸರಾದ ಕಂಪನಿಯದು.

ಇಲ್ಲಿ ಯಾರಿದ್ದರು ಎಂಬುದಕ್ಕಿಂತ ಏನಿರಲಿಲ್ಲ ಎಂಬುದನ್ನು ಗಮನಿಸಬೇಕು. ಪಿಯಾನೋ ಇಲ್ಲ, ಗಿಟಾರ್ ಇಲ್ಲ, ಡ್ರಮ್ ಸೆಟ್ ಇಲ್ಲ. ಒಟ್ಟೊಟ್ಟಿಗೆ ಹಲವು ಸ್ವರ ಮಿಡಿಯುವ ಕಾರ್ಡ್‌ಗಳು ಜಾಝ್‌ನ ನೆಲಗಟ್ಟು. ನಮ್ಮ ರಾಗಕ್ಕೆ ಆಧಾರ ಷಡ್ಜ ಹಿಡಿದ ತಂಬೂರಿ. ಕಾರ್ಡ್ ಬಿದ್ದ ಕಡೆಯೆಲ್ಲ ರಾಗಕ್ಕೆ ಬೇರೆಯೇ ಬಣ್ಣ ಬರುವ ಅಪಾಯವುಂಟು. ಮರಿಯಾನೋ ಈ ನೆಲಗಟ್ಟನ್ನೇ ಬಿಟ್ಟು ಶ್ರುತಿಗೆ ಬಂದರು. ಸೊಪ್ರಾನೋ ಸ್ಯಾಕ್ಸೋಫೋನು, ಕೊಳಲು ಮಾತ್ರ ಹಿಡಿದರು. ‘ಜ್ಯೋತಿ’ ಹದಗೆಡದೆ ಉಳಿದದ್ದು ಇದರಿಂದಲೇ.

ಆಲ್ಬಮ್ಮಿನ ಮೊದಲ ಟ್ರ್ಯಾಕಿನಲ್ಲಿ ಸ್ಯಾಕ್ಸೋಫೋನಿನ ಸುಳಿವೇ ಇಲ್ಲ. ಅದರ ಹೆಸರೇ ‘ವಾಯ್ಸ್ ಸೋಲೋ’, ರಮಾಮಣಿಯವರ ಕಂಠವೇ ಅದರ ಸರ್ವಸ್ವ. ಜಾಝ್ ಕೊಳ್ಳಲು ಬಂದ ಗಿರಾಕಿಗೆ ಹೀಗೆ ಬಾಗಿಲು ತೆರೆಯಲು ಎದೆಗಾರಿಕೆ ಬೇಕು. ಆಮೇಲೆ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ‘ಭಜನ್’. ತಕಧಿಮಿ, ತಕಜಣು ಎಂದು ಬಾಯಲ್ಲೇ ಜತಿ ಹೇಳುವ ಕೊನ್ನಕ್ಕೋಲ್ ಇಲ್ಲಿ ಚರ್ಮವಾದ್ಯಗಳಿಗೆ ಸರಿಸಮನಾಗಿ ನಿಲ್ಲುತ್ತದೆ.

1983ರಲ್ಲೇ ಎಲ್‌ಪಿಯಾಗಿ ಬಂದ ಆಲ್ಬಮ್ ಮುಂದೆ ಸಿಡಿಯಾಯಿತು. 2017ರ ನವೆಂಬರಿನಲ್ಲಿ ಇಸಿಎಂ ತನ್ನ ಸಂಗ್ರಹವನ್ನು ಸ್ಟ್ರೀಮಿಂಗ್‌ಗೆ ಬಿಟ್ಟುಕೊಟ್ಟ ಮೇಲೆ, ಇಂಥ ಹಳೆಯ ಮುದ್ರಣಗಳಿಗೆ ಪೇಟೆಯ ಅಂಗಡಿ ಹುಡುಕುವ ಕೆಲಸ ತಪ್ಪಿತು. ಮರಿಯಾನೋ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು.

ಹುಡುಕುವಾಗ ಮರಿಯಾನೋ ಹೆಸರಿನ ಜತೆಗೆ ಕಾಲೇಜಿನ ಹೆಸರನ್ನೂ ಹಾಕಿ. ಕೇಳುವಾಗ ಮೊಬೈಲಿನ ಸ್ಪೀಕರ್ ಬೇಡ, ಇಯರ್‌ಫೋನ್ ಇರಲಿ; ಮೋರ್ಚಿಂಗ್‌ನ ಮಿಡಿತ ಅದರಲ್ಲೇ ಸರಿಯಾಗಿ ಸಿಗುವುದು.