ಪ್ರೋಟೀನ್ ಡಬ್ಬಿ ಕೊಳ್ಳುವ ಮುನ್ನ ಸಂಘದ ಚೀಟಿ ನೋಡಿ



ಹಸು ನೋಡಿ, ಔಷಧ ಬರೆದು, ಕೈ ತೊಳೆಯುವ ಹೊತ್ತಿಗೆ ಈಚೆಗೆ ನೀವು ಕೇಳುವ ಪ್ರಶ್ನೆಯೊಂದಿದೆ. "ಡಾಕ್ಟ್ರೇ, ನಮ್ಮ ಹುಡುಗ ಜಿಮ್ಮಿಗೆ ಹೊಂಟಾನ್ರಿ, ಪ್ರೋಟೀನ್ ಡಬ್ಬಿ ಬೇಕಂತಾನ್ರಿ. ಕೊಡಿಸಬೇಕೇನ್ರಿ?" ಮಗಳು ಪೊಲೀಸ್ ಭರ್ತಿಗೆಂದು ನಸುಕಿನಲ್ಲಿ ಎದ್ದು ಓಡುತ್ತಾಳೆ, ಅವಳಿಗೆ ಏನು ಕೊಡಬೇಕು ಎಂದು ಕೇಳುವವರೂ ಇದ್ದಾರೆ. ಡಬ್ಬಿಯ ಬೆಲೆ ಎರಡು ಸಾವಿರವೋ ಮೂರು ಸಾವಿರವೋ ಇರುತ್ತದೆ. ಅದು ಹೋಗುವುದು ನಿಮ್ಮ ಹಾಲಿನ ಬಟವಾಡೆಯಿಂದ. ಆದ್ದರಿಂದ ಈ ಸಲ ಕೆಚ್ಚಲು ಬಾವು, ಜಂತುಹುಳು ಬಿಟ್ಟು ಇದನ್ನೇ ಬರೆಯುತ್ತಿದ್ದೇನೆ. ನಾನು ದನದ ಡಾಕ್ಟರು, ನಿಜ. ಆದರೆ ಪ್ರೋಟೀನಿನ ಲೆಕ್ಕ ನಮಗೆ ದಿನನಿತ್ಯದ್ದು.

ಮೊದಲು ಸಂಘದಲ್ಲಿ ಹಾಲು ಹಾಕಿದಾಗ ಬರುವ ಚೀಟಿ ತೆಗೆದುಕೊಳ್ಳಿ. ಫ್ಯಾಟ್ 4.0, ಎಸ್‌ಎನ್‌ಎಫ್ 8.5 ಎಂದಿದೆ ಅಂದುಕೊಳ್ಳೋಣ. ಫ್ಯಾಟ್ ಅಂದರೆ ಬೆಣ್ಣೆಯ ಅಂಶ, ಎಲ್ಲರಿಗೂ ಗೊತ್ತು. ಎಸ್‌ಎನ್‌ಎಫ್ ಅಂದರೆ ಹಾಲಿನಿಂದ ನೀರು ಮತ್ತು ಜಿಡ್ಡು ತೆಗೆದರೆ ಉಳಿಯುವ ಪುಡಿ. ಆ 8.5ರಲ್ಲಿ ಸುಮಾರು 4.6 ಹಾಲಿನ ಸಕ್ಕರೆ, 0.7 ಸುಣ್ಣ ಮೊದಲಾದ ಖನಿಜ, ಉಳಿದ 3.2 ಪ್ರೋಟೀನು. ಅಂದರೆ ಒಂದು ಲೀಟರ್ ಆಕಳ ಹಾಲಿನಲ್ಲಿ ಸುಮಾರು 32 ಗ್ರಾಂ ಪ್ರೋಟೀನು ಇದೆ. ಎಮ್ಮೆ ಹಾಲಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು, 36ರಿಂದ 40 ಗ್ರಾಂ. ದಿನಕ್ಕೆ ಎಂಟು ಲೀಟರ್ ಹಾಕುವ ಅಕ್ಕ ದಿನಾಲೂ ಕಾಲು ಕೆಜಿ ಪ್ರೋಟೀನು ಮಾರುತ್ತಿದ್ದಾಳೆ.

ಇನ್ನು ಡಬ್ಬಿಯೊಳಗೆ ಏನಿದೆ? 'ವೇ ಪ್ರೋಟೀನ್' ಎಂದು ಬರೆದಿದ್ದರೆ ಅದೂ ಹಾಲೇ. ಹಾಲಿನ ಪ್ರೋಟೀನು ಎರಡು ಬಗೆ. ಹತ್ತರಲ್ಲಿ ಎಂಟು ಪಾಲು ಕೇಸಿನ್, ಎರಡು ಪಾಲು ವೇ. ಚೀಸ್ ಕಾರ್ಖಾನೆಯಲ್ಲಿ ಹಾಲಿಗೆ ರೆನ್ನೆಟ್ ಎಂಬ ಕಿಣ್ವ ಹಾಕುತ್ತಾರೆ. ಕೇಸಿನ್ ಗಡ್ಡೆಯಾಗುತ್ತದೆ, ಅದು ಚೀಸ್. ಮಿಕ್ಕ ತಿಳಿನೀರಿನಲ್ಲಿ ವೇ ಉಳಿಯುತ್ತದೆ. ಹೊರದೇಶಗಳಲ್ಲಿ ಬಹಳ ಕಾಲ ಅದನ್ನು ಹಂದಿಗೆ ಕುಡಿಸುತ್ತಿದ್ದರು, ಇಲ್ಲವೇ ಹೊಲಕ್ಕೆ, ಹೊಳೆಗೆ ಬಿಡುತ್ತಿದ್ದರು. ಆಮೇಲೆ ಅತಿ ಸೂಕ್ಷ್ಮ ಜರಡಿಗಳು ಬಂದು, ಆ ನೀರನ್ನು ಸೋಸಿ ಒಣಗಿಸುವುದು ಸಾಧ್ಯವಾಯಿತು. ಬಣ್ಣ, ಚಾಕೊಲೇಟ್ ವಾಸನೆ, ಸಿಹಿ ಸೇರಿಸಿ ಡಬ್ಬಿಗೆ ತುಂಬಿದರು.

"ಹಂಗಾದ್ರ ಪನ್ನೀರು ಮಾಡಿದಾಗ ಬರೋ ನೀರು ಅದೇ ಅಲ್ಲೇನ್ರಿ?" ಎಂದು ನೀವು ಕೇಳಬಹುದು. ಅಲ್ಲ. ಪನ್ನೀರಿಗೆ ನಾವು ಹಾಲನ್ನು ಚೆನ್ನಾಗಿ ಕುದಿಸಿ ನಿಂಬೆಹುಳಿ ಹಿಂಡುತ್ತೇವೆ. ಆ ಕಾವಿಗೆ ವೇ ಪ್ರೋಟೀನು ಬಹುಪಾಲು ಕೇಸಿನ್ ಜೊತೆಗೇ ಗಡ್ಡೆಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಸಕ್ಕರೆ, ಖನಿಜ, ಅಲ್ಪಸ್ವಲ್ಪ ಪ್ರೋಟೀನು ಇರುತ್ತದೆ ಅಷ್ಟೆ. ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು, ಸಾರಿಗೆ ಬಳಸಿ. ಆದರೆ ಅದನ್ನು ಕುಡಿದರೆ ಮಗನ ತೋಳು ದಪ್ಪವಾಗುತ್ತದೆ ಎಂದು ಯಾರಾದರೂ ಮೊಬೈಲಿನಲ್ಲಿ ಹೇಳಿದರೆ ನಂಬಬೇಡಿ. ಪನ್ನೀರೇ ತಿನ್ನಿಸಿ.

ಈಗ ಲೆಕ್ಕ ಹಾಕಿ. ಒಂದು ಕೆಜಿಯ ಒಳ್ಳೆಯ ಡಬ್ಬಿಯಲ್ಲಿ 100 ಗ್ರಾಂಗೆ 75 ಗ್ರಾಂ ಪ್ರೋಟೀನು ಇದ್ದರೆ, ಇಡೀ ಡಬ್ಬಿಯಲ್ಲಿ 750 ಗ್ರಾಂ. ಅಷ್ಟೇ ಪ್ರೋಟೀನು ನಿಮ್ಮ ಕ್ಯಾನಿನ 23-24 ಲೀಟರ್ ಹಾಲಿನಲ್ಲಿದೆ. ನಿಮ್ಮ ಚೀಟಿಯ ದರದಿಂದ ಗುಣಿಸಿ ನೋಡಿ. ಹಾಲಿನ ಜೊತೆ ಬೆಣ್ಣೆ, ಸುಣ್ಣ, ಜೀವಸತ್ವ ಬೇರೆ ಬರುತ್ತವೆ. ಡಬ್ಬಿ ವಿಷವಲ್ಲ. ಒಂದೇ ಲೋಟದಲ್ಲಿ ಹೆಚ್ಚು ಪ್ರೋಟೀನು ಸಿಗುತ್ತದೆ, ಹೊಟ್ಟೆ ತುಂಬುವುದಿಲ್ಲ, ಹಾಸ್ಟೆಲಿನಲ್ಲಿ ಇರುವವರಿಗೆ ಅನುಕೂಲ. ಅದರ ಲಾಭ ಅಷ್ಟೇ.

ಎಷ್ಟು ಬೇಕು?

ಹಸುವಿಗೆ ಪಶು ಆಹಾರ ಹಾಕುವಾಗ ನೀವು ಸುಮ್ಮನೆ ಸುರಿಯುವುದಿಲ್ಲ. ಮೈ ಉಳಿಸಿಕೊಳ್ಳಲು ಇಷ್ಟು, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ ಎಂದು ನಾವೇ ಹೇಳಿಕೊಟ್ಟಿದ್ದೇವೆ. ಮನುಷ್ಯರ ಲೆಕ್ಕವೂ ಹೀಗೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನು ಬೇಕು. 60 ಕೆಜಿಯ ಹುಡುಗನಿಗೆ 50 ಗ್ರಾಂ. ಭಾರ ಎತ್ತುವವರಿಗೆ, ದಿನಾ ಓಡುವವರಿಗೆ ಇದು ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಹೋಗಬಹುದು. ಅಂದರೆ 75ರಿಂದ 100 ಗ್ರಾಂ. ಅದನ್ನೂ ಒಂದೇ ಸಲ ಸುರಿದುಕೊಂಡರೆ ಉಪಯೋಗವಿಲ್ಲ. ವ್ಯಾಯಾಮದ ನಂತರ 15-20 ಗ್ರಾಂ, ಉಳಿದದ್ದು ಮೂರು ಹೊತ್ತಿನ ಊಟದಲ್ಲಿ ಹಂಚಿ ಬರಬೇಕು. ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ವ್ಯರ್ಥ ಎನ್ನುವುದು ಅತಿಯಾದ ಮಾತು. ಒಂದೆರಡು ತಾಸಿನೊಳಗೆ ಸಾಕು. ಓಟಕ್ಕೆ ಮುಂಚೆ ಮಾತ್ರ ಗಟ್ಟಿ ಹಾಲು ಕುಡಿಸಬೇಡಿ, ಹೊಟ್ಟೆ ತೊಳಸುತ್ತದೆ.

ಇದೇ ಮಂಡಳಿಯ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿತು. ಮೈ ಕಟ್ಟುವುದಕ್ಕೆಂದು ಪ್ರೋಟೀನ್ ಪುಡಿ ಬಳಸಬೇಡಿ, ಊಟದಿಂದಲೇ ಪಡೆಯಿರಿ ಎಂದು ಅದರಲ್ಲಿ ಹೇಳಿದ್ದಾರೆ. ಬಹಳ ಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಮೂಳೆಗೆ, ಮೂತ್ರಪಿಂಡಕ್ಕೆ ತೊಂದರೆಯಾಗಬಹುದೆಂದೂ ಎಚ್ಚರಿಸಿದ್ದಾರೆ.

ಮನೆಯಲ್ಲೇ ಮಾಡುವ ಬಗೆ

ಕಾಲು ಲೀಟರ್ ಕಾಯಿಸಿ ಆರಿಸಿದ ಹಾಲು. ಅದಕ್ಕೆ ಮೂರು ದೊಡ್ಡ ಚಮಚ ಪುಟಾಣಿ ಹಿಟ್ಟು, ಅಂದರೆ ಸುಮಾರು 30 ಗ್ರಾಂ. ಒಂದು ಚೂರು ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು. ಗಂಟಿಲ್ಲದಂತೆ ಕಡೆಯಿರಿ. ಹಾಲಿನಿಂದ 8 ಗ್ರಾಂ, ಪುಟಾಣಿಯಿಂದ 6 ಗ್ರಾಂ ಪ್ರೋಟೀನು. ಜೊತೆಗೆ ಅರ್ಧ ಹಿಡಿ ಹುರಿದ ಶೇಂಗಾ ತಿಂದರೆ ಇನ್ನೂ ನಾಲ್ಕು ಗ್ರಾಂ. ಒಟ್ಟು 18. ಡಬ್ಬಿಯವರು ಒಂದು ಚಮಚಕ್ಕೆ 24 ಎಂದು ಬರೆದುಕೊಳ್ಳುತ್ತಾರೆ. ಅಂತರ ಒಂದು ಮೊಟ್ಟೆಯಷ್ಟು. ಮೊಟ್ಟೆ ತಿನ್ನುವ ಮನೆಯವರು ಬೇಯಿಸಿದ ಮೊಟ್ಟೆ ಒಂದು ಕೊಟ್ಟರೆ ಲೆಕ್ಕ ಸರಿಹೋಯಿತು. ಕಾಳಿನ ಪ್ರೋಟೀನಿನಲ್ಲಿ ಇರುವ ಕೊರತೆಯನ್ನು ಹಾಲು ತುಂಬುತ್ತದೆ, ಅದಕ್ಕೇ ಎರಡನ್ನೂ ಕೂಡಿಸಿದ್ದು.

ಶೇಂಗಾ ಕೂಡ್ಲಿಗಿ ಕಡೆಯವರ ಮನೆಯಲ್ಲೇ ಇರುತ್ತದೆ. ಆದರೆ ಬೂಷ್ಟು ಹಿಡಿದದ್ದು, ಕಹಿಯಾದದ್ದು ಬೇಡ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ಲಿವರ್ ಕೆಡಿಸುತ್ತದೆ. "ನಮಗ ಬ್ಯಾಡಾದ್ದು ದನಕ್ಕ ಹಾಕೋಣ" ಎಂದು ಆ ಶೇಂಗಾ, ಆ ಹಿಂಡಿ ಹಸುವಿಗೆ ಹಾಕಿದರೆ ವಿಷ ಹಾಲಿನಲ್ಲಿ ಬಂದು ಮತ್ತೆ ನಿಮ್ಮ ಲೋಟಕ್ಕೇ ಸೇರುತ್ತದೆ. ದನಕ್ಕೂ ಬೇಡ.

ಇನ್ನೊಂದು ದಾರಿ ನಂದಿನಿ ಕೆನೆರಹಿತ ಹಾಲಿನ ಪುಡಿ. ನಿಮ್ಮಂಥವರು ಹಾಕಿದ ಹಾಲೇ ಒಣಗಿ ಪುಡಿಯಾದದ್ದು. ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನು. ಕಾಲು ಲೀಟರ್ ಹಾಲಿಗೆ 25 ಗ್ರಾಂ ಪುಡಿ ಕಲಸಿದರೆ 16-17 ಗ್ರಾಂ ಆಯಿತು, ಪುಟಾಣಿ ಹಿಟ್ಟು ಬೇಡ ಎನ್ನುವವರಿಗೆ ಇದು ಸುಲಭ. ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದಲ್ಲಿ ನಿಮ್ಮ ಮಕ್ಕಳು ಕುಡಿಯುತ್ತಿರುವುದೂ ಹಾಲಿನ ಪುಡಿಯನ್ನೇ ಕಲಸಿದ 150 ಮಿಲಿ ಹಾಲು. ಅದು ಕೆನೆಯಿರುವ ಪುಡಿ, ಇದು ಕೆನೆ ತೆಗೆದದ್ದು.

ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲಿಗೆ ಹಾಲಿಗಿಂತ ಮಜ್ಜಿಗೆ ಹಿತ. ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತದೆ ಎನ್ನುವವರಿಗೂ ಮೊಸರು, ಮಜ್ಜಿಗೆ ಒಳ್ಳೆಯದು, ಹೆಪ್ಪು ಹಾಲಿನ ಸಕ್ಕರೆಯಲ್ಲಿ ಒಂದಷ್ಟನ್ನು ತಿಂದುಹಾಕಿರುತ್ತದೆ. ಆದರೆ ಮಜ್ಜಿಗೆಗೆ ಎಷ್ಟು ನೀರು ಎಂಬುದು ಮುಖ್ಯ. ಕೊಟ್ಟೂರು ತೇರಿಗೆ ನಡೆದು ಬರುವವರಿಗೆ ದಾರಿಯಲ್ಲಿ ಕೊಡುವ ತಿಳಿಮಜ್ಜಿಗೆ ಬೆವರಿನಲ್ಲಿ ಹೋದ ನೀರು, ಉಪ್ಪನ್ನು ತುಂಬಿಕೊಡುತ್ತದೆ, ಅದರ ಕೆಲಸ ಅದು. ಪ್ರೋಟೀನು ಬೇಕಿದ್ದರೆ ಒಂದು ದೊಡ್ಡ ಲೋಟ ಗಟ್ಟಿ ಮೊಸರಿಗೆ ಅರ್ಧ ಲೋಟ ಮಾತ್ರ ನೀರು ಹಾಕಿ, ಉಪ್ಪು, ಜೀರಿಗೆ, ಕರಿಬೇವು ಸೇರಿಸಿ ಕಡೆಯಿರಿ. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಬಿಡಿ. ಮೂತ್ರಪಿಂಡದ ತೊಂದರೆ ಇದ್ದವರು ಡಬ್ಬಿಯಾಗಲಿ, ಮನೆಯದಾಗಲಿ, ತಮ್ಮ ಡಾಕ್ಟರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು.

ನಿಮ್ಮ ಲೋಟ ಎಲ್ಲಿ?

ಒಂದು ಮಾತು ಕೇಳಬೇಕು. ವ್ಯಾಯಾಮ ಮಾಡುವವರು ಮಗ, ಮಗಳು ಮಾತ್ರವೇ? ನಸುಕಿನಲ್ಲಿ ಸಗಣಿ ಬಾಚುವುದು, ಮೇವು ಹೊತ್ತು ತರುವುದು, ಎರಡು ಹೊತ್ತು ಹಿಂಡುವುದು, ನಡುವೆ ಹೊಲದ ಕಳೆ. ಜಿಮ್ಮಿನಲ್ಲಿ ಒಂದು ತಾಸು ಎತ್ತುವ ಭಾರಕ್ಕಿಂತ ಇದು ಕಡಿಮೆಯಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಹಾಲೆಲ್ಲ ಕ್ಯಾನಿಗೆ ಹೋಗಿ, ಅಕ್ಕನಿಗೆ ಉಳಿಯುವುದು ಚಹಾದೊಳಗಿನ ಎರಡು ಚಮಚ ಹಾಲು. ಅದರಲ್ಲಿ ಒಂದು ಗ್ರಾಂ ಪ್ರೋಟೀನೂ ಇರುವುದಿಲ್ಲ. 50 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ 42 ಗ್ರಾಂ ಬೇಕು. ಬಸುರಿಯ ಕೊನೆಯ ಮೂರು ತಿಂಗಳಲ್ಲಿ ಅದರ ಮೇಲೆ 22 ಗ್ರಾಂ, ಬಾಣಂತನದ ಮೊದಲ ಆರು ತಿಂಗಳು ಎದೆಹಾಲು ಕುಡಿಸುವಾಗ 17 ಗ್ರಾಂ ಹೆಚ್ಚು. ಹಸು ಈಯುವ ಮೊದಲಿನ ಎರಡು ತಿಂಗಳು ಅದಕ್ಕೆ ಹೆಚ್ಚುವರಿ ಆಹಾರ ಹಾಕುವುದನ್ನು ಮರೆಯದ ನೀವು ಮನೆಯ ಸೊಸೆಯ ವಿಷಯದಲ್ಲೂ ಮರೆಯಬಾರದು. ಕ್ಯಾನಿಗೆ ಸುರಿಯುವ ಮೊದಲೇ ಮನೆಯ ಹಾಲು ತೆಗೆದಿಡಿ. ಸುರಿದ ಮೇಲೆ ಉಳಿದರೆ ಕುಡಿಯೋಣ ಎಂದರೆ ಉಳಿಯುವುದಿಲ್ಲ.

ಕೊಳ್ಳಲೇಬೇಕೆಂದರೆ

ಪಶು ಆಹಾರದ ಚೀಲದ ಮೇಲೆ 'ಕಚ್ಚಾ ಪ್ರೋಟೀನ್' ಎಂದು ಇರುವುದನ್ನು ನೋಡಿದ್ದೀರಿ. ಕಚ್ಚಾ ಎಂದೇಕೆ? ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು. ಅದರಿಂದ ಗುಣಿಸಿ ಪ್ರೋಟೀನು ಇಷ್ಟು ಎನ್ನುತ್ತಾರೆ. ಯೂರಿಯಾ ಬೆರೆಸಿದರೂ ಅಂಕಿ ಏರುತ್ತದೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಹಾಕಿ ಇದೇ ಮೋಸ ಮಾಡಿದರು. ಆರು ಕೂಸುಗಳು ಸತ್ತವು, ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಅಗ್ಗದ ಪ್ರೋಟೀನ್ ಪುಡಿಗಳಲ್ಲೂ ಗ್ಲೈಸಿನ್, ಟಾರಿನ್‌ನಂಥ ಕಡಿಮೆ ಬೆಲೆಯ ವಸ್ತು ಸೇರಿಸಿ ಅಂಕಿ ಏರಿಸುವ ಚಾಳಿ ಉಂಟು. ಹೆಸರಿಲ್ಲದ ಬಿಡಿ ಪುಡಿ, ಪರಿಚಯದವರು ಅರ್ಧ ಬೆಲೆಗೆ ತಂದುಕೊಡುವ ಡಬ್ಬಿ ಬೇಡವೇ ಬೇಡ. ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳ ಸಂಖ್ಯೆ ಇರಬೇಕು. ಹಿಂಬದಿಯ ಪಟ್ಟಿಯಲ್ಲಿ 100 ಗ್ರಾಂಗೆ ಪ್ರೋಟೀನು ಎಷ್ಟು, ಸಕ್ಕರೆ ಎಷ್ಟು ಎಂದು ಮಗನ ಕೈಯಲ್ಲೇ ಓದಿಸಿ. ಒಳಗಿರುವ ವಸ್ತುಗಳನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದಕ್ಕೆ ಬರೆದಿರುತ್ತಾರೆ. ಮೊದಲ ಹೆಸರೇ ಸಕ್ಕರೆ ಅಥವಾ ಮಾಲ್ಟೋಡೆಕ್ಸ್ಟ್ರಿನ್ ಇದ್ದರೆ ನೀವು ಕೊಂಡದ್ದು ಸಿಹಿಪುಡಿ.

ಹಸಿ ಹಾಲು ಬೇಡ

ಇದು ನನ್ನ ಇಲಾಖೆಯ ಮಾತು, ಗಟ್ಟಿಯಾಗಿ ಹೇಳುತ್ತೇನೆ. ಗರಡಿ ಮನೆಯ ಕಾಲದಿಂದಲೂ ನೊರೆಹಾಲು ಕುಡಿದರೆ ಶಕ್ತಿ ಎಂಬ ನಂಬಿಕೆ ಇದೆ. ಈಗಿನ ಹುಡುಗರು ಅದಕ್ಕೆ ಹಸಿ ಮೊಟ್ಟೆಯನ್ನೂ ಒಡೆದು ಹಾಕಿಕೊಳ್ಳುತ್ತಾರೆ. ಕಾಯಿಸಿದರೆ ಹಾಲಿನ ಪ್ರೋಟೀನು ನಾಶವಾಗುವುದಿಲ್ಲ. ಕಾಯಿಸದಿದ್ದರೆ ಬ್ರುಸೆಲ್ಲಾ, ಕ್ಷಯದಂಥ ರೋಗಾಣುಗಳು ಜೀವಂತ ಹೊಟ್ಟೆಗೆ ಹೋಗಬಹುದು. ಐದು ತಿಂಗಳು ದಾಟಿದ ಮೇಲೆ ಕಂದು ಹಾಕುವ ಹಸು, ಎಮ್ಮೆಯಲ್ಲಿ ಬ್ರುಸೆಲ್ಲಾ ಇರಬಹುದು. ಹೊರಗೆ ನೋಡಿದರೆ ಹಸು ಚೆನ್ನಾಗಿಯೇ ಕಾಣುತ್ತದೆ, ಹಾಲಿನಲ್ಲಿ ರೋಗಾಣು ಬರುತ್ತಿರುತ್ತದೆ. ಮನುಷ್ಯರಿಗೆ ತಗುಲಿದರೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ, ಕೀಲು ನೋವು. ಗಂಡಸರಲ್ಲಿ ವೃಷಣ ಬಾವು, ಬಸುರಿಯರಲ್ಲಿ ಗರ್ಭಪಾತವೂ ಆಗಬಹುದು. ಓಡಲು ಹೊರಟ ಹುಡುಗ ಆರು ವಾರ ಔಷಧ ನುಂಗುತ್ತಾ ಕೂರಬೇಕಾಗುತ್ತದೆ. ಇಂಥ ಜ್ವರ ಬಂದರೆ ಆಸ್ಪತ್ರೆಯಲ್ಲಿ "ನಮ್ಮನೆಯಲ್ಲಿ ದನ ಇವೆ, ಕಂದು ಹಾಕಿತ್ತು" ಎಂದು ತಪ್ಪದೆ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯದೆ ಹೋಗಬಹುದು.

ಹಾಲು ಉಕ್ಕಿ ಬರುವವರೆಗೆ ಕಾಯಿಸಿ, ಮುಚ್ಚಿ ಆರಿಸಿ. ಕೆಚ್ಚಲು ಬಾವಿಗೆ ಇಂಜೆಕ್ಷನ್ ಕೊಟ್ಟ ಹಸುವಿನ ಹಾಲನ್ನು ನಾವು ಹೇಳಿದಷ್ಟು ದಿನ ಸಂಘಕ್ಕೂ ಹಾಕಬೇಡಿ, ಮನೆಯಲ್ಲೂ ಕುಡಿಯಬೇಡಿ. ಔಷಧದ ಅಂಶ ಕಾಯಿಸಿದರೆ ಹೋಗುವುದಿಲ್ಲ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಎತ್ತಬೇಡಿ. ಕೈಚೀಲ ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲ ಕೈಗೆ ಹಾಕಿಕೊಂಡು ಎತ್ತಿ, ಸುಣ್ಣ ಹಾಕಿ ಆಳವಾಗಿ ಹೂಳಿ, ಆಮೇಲೆ ನಮಗೆ ಹೇಳಿ ಕಳಿಸಿ.

ಬ್ರುಸೆಲ್ಲಾಕ್ಕೆ ಲಸಿಕೆ ಇದೆ. ಹೆಣ್ಣುಗರುಗಳಿಗೆ ಮಾತ್ರ, 4ರಿಂದ 8 ತಿಂಗಳ ನಡುವೆ, ಜೀವಮಾನಕ್ಕೆ ಒಂದೇ ಸಲ. ವಯಸ್ಸು ದಾಟಿದರೆ ಹಾಕಲು ಬರುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯ ಅಕ್ಕಂದಿರೂ, ಕೊಟ್ಟಿಗೆಯಲ್ಲಿ ಆ ವಯಸ್ಸಿನ ಆಕಳ ಗರು, ಎಮ್ಮೆ ಗರು ಇದ್ದರೆ ನಾಳೆ ಹಾಲು ಹಾಕಲು ಹೋದಾಗಲೇ ಕಾರ್ಯದರ್ಶಿಯ ಬಳಿ ಹೆಸರು, ಗರು ಹುಟ್ಟಿದ ತಿಂಗಳು ಬರೆಸಿ ಬನ್ನಿ.