ಅಲ್ಪವೆಂದು ಬಿಟ್ಟ ಅಂಟು

ಬೇಸಗೆಯಲ್ಲಿ ಹಗಲಿರುಳೂ ತಿರುಗಿದ ವಿದ್ಯುತ್ ಬೀಸಣಿಗೆಯನ್ನು ನಿಲ್ಲಿಸಿ ನೋಡಿದರೆ ಅದರ ಅಲಗುಗಳ ಮೇಲೆ ಧೂಳು ದಟ್ಟವಾಗಿ ಕುಳಿತಿರುವುದು ಕಾಣುತ್ತದೆ. ಕೋಣೆಯ ಕಾಗದಗಳನ್ನೆಲ್ಲ ಹಾರಿಸಬಲ್ಲ ಅಲಗು ತನ್ನ ಮೈಮೇಲಿನ ಧೂಳನ್ನು ಮಾತ್ರ ಹಾರಿಸಲಾರದು! ಇದೇಕೆ ಹೀಗೆ? ಮನೆಯ ಮಕ್ಕಳು ಕೇಳಬಹುದಾದ ಈ ಪ್ರಶ್ನೆಯ ಹಿಂದೆ ಒಂದು ತತ್ತ್ವ ಅಡಗಿದೆ. ಅದರ ಮಹತ್ತ್ವವನ್ನು ಅರಿಯಲು ಯೂರೋಪಿನ ಪಂಡಿತರಿಗೆ ನೂರೈವತ್ತು ವರ್ಷಗಳು ಹಿಡಿದವು.

ನೀರು, ಎಣ್ಣೆ, ಗಾಳಿ ಮೊದಲಾಗಿ ಹರಿಯುವ ವಸ್ತುಗಳೆಲ್ಲದರ ಚಲನೆಯನ್ನು ವಿವೇಚಿಸುವ ಶಾಸ್ತ್ರವೇ ಪ್ರವಾಹಗತಿಶಾಸ್ತ್ರ. ವಿಶ್ವವಿದ್ಯಾಲಯಗಳಲ್ಲಿ ಫ್ಲೂಯಿಡ್ ಡೈನಾಮಿಕ್ಸ್ ಎಂದು ಕರೆಯುವುದು ಇದನ್ನೇ. ಇದರ ಮೊದಲ ಪಾಠಗಳು ವಿದ್ಯಾರ್ಥಿಯನ್ನು ಒಂದು ವಿಚಿತ್ರವಾದ ದಾರಿಯಲ್ಲಿ ಕರೆದೊಯ್ಯುತ್ತವೆ. ಮೊದಲು ಸುಂದರವಾದ ಒಂದು ಗಣಿತಸೌಧವನ್ನು ಕಟ್ಟಿ ತೋರಿಸಿ, ಬಳಿಕ ಅದು ಎಲ್ಲಿ ಕುಸಿಯಿತೆಂಬುದನ್ನು ತಿಳಿಸಿಕೊಡುತ್ತವೆ.

ಅಂಬಿಗನೊಪ್ಪದ ಸಿದ್ಧಾಂತ

1738ರಲ್ಲಿ ಡೇನಿಯಲ್ ಬರ್ನೂಲಿಯ ಗ್ರಂಥ ಪ್ರಕಟವಾಯಿತು. ಅಡೆತಡೆಯಿಲ್ಲದೆ ಸಮನಾಗಿ ಹರಿಯುವ ನೀರಿನ ವೇಗ ಹೆಚ್ಚಿದಲ್ಲಿ ಅದರ ಒತ್ತಡ ಕುಗ್ಗುತ್ತದೆಂಬ ತತ್ತ್ವಕ್ಕೆ ಇಂದಿಗೂ ಅವನದೇ ಹೆಸರು. 1757ರಲ್ಲಿ ಲಿಯೊನಾರ್ಡ್ ಆಯ್ಲರನು ನ್ಯೂಟನ್ನನ ಚಲನನಿಯಮವನ್ನು ಪ್ರವಾಹದ ಕಣಕಣಕ್ಕೂ ಅನ್ವಯಿಸಿ ಸಮೀಕರಣಗಳನ್ನು ರಚಿಸಿದನು. ಆದರೆ ಆ ಸಮೀಕರಣಗಳಲ್ಲಿ ಒಂದು ಊಹೆಯಿತ್ತು: ನೀರಿನ ಪದರಗಳು ಒಂದರ ಮೇಲೊಂದು ಜಾರುವಾಗ ಯಾವ ಘರ್ಷಣೆಯೂ ಇಲ್ಲ ಎಂಬುದು. ಜೇನುತುಪ್ಪಕ್ಕೆ ಅಂಟುಗುಣವುಂಟು, ನೀರಿಗೆ, ಅದರಲ್ಲಿಯೂ ಗಾಳಿಗೆ, ಅದೆಷ್ಟು? ಅಲ್ಪವೆಂದು ಬಿಟ್ಟುಬಿಟ್ಟರು.

ಫ್ರಾನ್ಸಿನ ಡಾಲಂಬೇರನು ಇಂಥ ಘರ್ಷಣೆಯಿಲ್ಲದ ನೀರಿನಲ್ಲಿ ಒಂದೇ ವೇಗದಿಂದ ಸಾಗುವ ವಸ್ತುವಿಗೆ ಎಷ್ಟು ತಡೆಯುಂಟಾಗುತ್ತದೆಂದು ಲೆಕ್ಕಹಾಕಿದನು. ಬಂದ ಉತ್ತರ ಸೊನ್ನೆ! ಗಣಿತದಲ್ಲಿ ತಪ್ಪಿರಲಿಲ್ಲ, ಆದರೆ ಹರಿಗೋಲು ನಡೆಸುವ ಯಾವ ಅಂಬಿಗನೂ ಅದನ್ನು ಒಪ್ಪುವಂತಿರಲಿಲ್ಲ. 'ಡಾಲಂಬೇರನ ವಿರೋಧಾಭಾಸ'ವೆಂದು ಪ್ರಸಿದ್ಧವಾದ ಈ ಒಗಟಿನಿಂದ ಶಾಸ್ತ್ರವೇ ಇಬ್ಭಾಗವಾಯಿತು. ಕಾಲುವೆ, ಕೊಳವೆಗಳನ್ನು ನಿರ್ಮಿಸುವ ಎಂಜಿನಿಯರರು ಗಣಿತವನ್ನು ಬದಿಗಿರಿಸಿ ಅಳತೆಯನ್ನೇ ನಂಬಿದರು. ಒಂದು ಪಂಗಡ ವಿವರಿಸಲಾಗದುದನ್ನು ಕಾಣುತ್ತಿತ್ತು, ಇನ್ನೊಂದು ಪಂಗಡ ಕಾಣಲಾಗದುದನ್ನು ವಿವರಿಸುತ್ತಿತ್ತು ಎಂಬ ವಿನೋದದ ಮಾತೇ ಮುಂದೆ ಹುಟ್ಟಿಕೊಂಡಿತು.

1822ರಲ್ಲಿ ನೇವಿಯರ್, 1845ರಲ್ಲಿ ಸ್ಟೋಕ್ಸ್ ಅಂಟುಗುಣವನ್ನೂ ಸೇರಿಸಿಕೊಂಡ ಸಮೀಕರಣಗಳನ್ನು ಕೊಟ್ಟರು. ಸಮೀಕರಣಗಳೇನೋ ಸರಿ, ಬಿಡಿಸುವವರಾರು? ಅವುಗಳಿಗೆ ಎಲ್ಲ ಸಂದರ್ಭಗಳಲ್ಲಿಯೂ ನಯವಾದ ಪರಿಹಾರ ಇದ್ದೇ ಇರುತ್ತದೆಯೇ ಎಂಬುದನ್ನು ನಿರ್ಣಯಿಸಿದವರಿಗೆ ಅಮೆರಿಕದ ಕ್ಲೇ ಗಣಿತಸಂಸ್ಥೆ 2000ದಲ್ಲಿ 10 ಲಕ್ಷ ಡಾಲರುಗಳ ಬಹುಮಾನ ಘೋಷಿಸಿತೆಂದರೆ ಅವುಗಳ ಕಾಠಿಣ್ಯವನ್ನು ಊಹಿಸಬಹುದು.

ಬಣ್ಣದ ಎಳೆ

ದೇವರ ಮುಂದೆ ಹಚ್ಚಿಟ್ಟ ಊದುಬತ್ತಿಯ ಹೊಗೆ ಮೊದಲು ನೂಲಿನಂತೆ ನೇರವಾಗಿ ಏರುತ್ತದೆ. ಸ್ವಲ್ಪ ಮೇಲೆ ಹೋದೊಡನೆ ಸುರುಳಿಸುರುಳಿಯಾಗಿ ಚದರಿಹೋಗುತ್ತದೆ. ಶಾಂತವಾದ ಹರಿವು ಪ್ರಕ್ಷುಬ್ಧವಾಗುವ ಇಂಥದೇ ಗಳಿಗೆಯನ್ನು ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್‌ಬೋರ್ನ್ ರೆನಾಲ್ಡ್ಸನು ನೀರಿನಲ್ಲಿ ಹಿಡಿದನು. 1883ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆತ ಗಾಜಿನ ಕೊಳವೆಯೊಳಗೆ ಹರಿಯುವ ನೀರಿಗೆ ಬಣ್ಣದ ಸಣ್ಣ ಎಳೆಯೊಂದನ್ನು ಬಿಟ್ಟನು. ನೀರು ನಿಧಾನವಾಗಿದ್ದಾಗ ಎಳೆ ಮುರಿಯದೆ ಸಾಗಿತು. ವೇಗ ಹೆಚ್ಚಿದಾಗ ಒಮ್ಮೆಗೇ ಕದಡಿ ಕೊಳವೆಯನ್ನೆಲ್ಲ ತುಂಬಿತು. ವೇಗ, ಕೊಳವೆಯ ಅಗಲ, ದ್ರವದ ಸಾಂದ್ರತೆ ಈ ಮೂರನ್ನು ಗುಣಿಸಿ ಅಂಟುಗುಣದಿಂದ ಭಾಗಿಸಿದರೆ ಬರುವ 'ರೆನಾಲ್ಡ್ಸ್ ಸಂಖ್ಯೆ' ಸುಮಾರು 2000ಕ್ಕಿಂತ ಕಡಮೆಯಿದ್ದರೆ ಕೊಳವೆಯ ಹರಿವು ಶಾಂತವಾಗಿಯೇ ಇರುತ್ತದೆ. ಒಂದಂಗುಲದ ಕೊಳಾಯಿಯಲ್ಲಿ ನೀರು ಸೆಕೆಂಡಿಗೆ ಸುಮಾರು 8 ಸೆಂಟಿಮೀಟರು ಹರಿದರೆ ಸಾಕು, ಆ ಎಲ್ಲೆ ಬಂದುಬಿಡುತ್ತದೆ. ಮನೆಯ ಕೊಳಾಯಿಯಲ್ಲಿ ಶಾಂತಿಯೆಂಬುದು ಅಪರೂಪವೇ ಸರಿ.

ಹತ್ತು ನಿಮಿಷದ ಉಪನ್ಯಾಸ

ಒಗಟನ್ನು ಬಿಡಿಸಿದವನು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. ಪದವಿ ಪಡೆದು ನ್ಯೂರೆಂಬರ್ಗಿನ ಯಂತ್ರದ ಕಾರ್ಖಾನೆಯೊಂದನ್ನು ಸೇರಿದ್ದ ಆತನಿಗೆ ಲೋಹದ ಚೂರುಗಳನ್ನು ಹೀರಿ ತೆಗೆಯುವ ಗಾಳಿಕೊಳವೆಯನ್ನು ಸುಧಾರಿಸುವ ಕೆಲಸ ಬಿದ್ದಿತು. ಅಗಲವಾಗುತ್ತ ಹೋಗುವ ಕೊಳವೆಯಲ್ಲಿ ಗಾಳಿ ಗೋಡೆಯನ್ನು ಅನುಸರಿಸದೆ ಅದನ್ನು ಬಿಟ್ಟು ಹೊರಳುತ್ತಿತ್ತು. ಏಕೆಂಬ ಪ್ರಶ್ನೆ ಅವನನ್ನು ಬಿಡಲಿಲ್ಲ.

1904ರ ಆಗಸ್ಟ್ ತಿಂಗಳಿನಲ್ಲಿ ಹೈಡೆಲ್‌ಬರ್ಗಿನಲ್ಲಿ ನೆರೆದ ಗಣಿತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ 29 ವರ್ಷದ ಪ್ರಾಂಟ್ಲ್ ಸುಮಾರು ಹತ್ತು ನಿಮಿಷಗಳ ಪ್ರಬಂಧವೊಂದನ್ನು ಓದಿದನು. ಅದರ ಸಾರ ಇಷ್ಟೆ: ಹರಿಯುವ ವಸ್ತು ಎಷ್ಟೇ ತೆಳುವಾಗಿರಲಿ, ಘನವಸ್ತುವಿನ ಮೈಗೆ ತಾಗಿದಲ್ಲಿ ಅದಕ್ಕೆ ಅಂಟಿ ನಿಂತುಬಿಡುತ್ತದೆ. ಮೈಯಿಂದ ದೂರ ಹೋದಂತೆ ವೇಗ ಬೆಳೆದು, ಸ್ವಲ್ಪದರಲ್ಲಿಯೇ ಹೊರಗಿನ ವೇಗಕ್ಕೆ ಸಮನಾಗುತ್ತದೆ. ನಡುವಣ ಈ ತೆಳುವಾದ 'ಸೀಮಾಪದರ'ದಲ್ಲಿ ಅಂಟುಗುಣವೇ ಪ್ರಧಾನ. ಅದರ ಹೊರಗೆ ಆಯ್ಲರನ ಸಮೀಕರಣಗಳೇ ಸಾಕು. ಬೀಸಣಿಗೆಯ ಧೂಳು ಅಲುಗದೆ ಕುಳಿತಿರುವುದು ಈ ಪದರದ ಆಶ್ರಯದಲ್ಲಿ.

ಈ ಪದರ ವಸ್ತುವಿನ ಮೈಯನ್ನು ಬಿಟ್ಟು ಕಿತ್ತುಬಂದರೆ ಹಿಂದೆ ಸುಳಿಗಳೆದ್ದು ತಡೆ ಹೆಚ್ಚುತ್ತದೆ. ಮೂತಿಯನ್ನು ಅತಿಯಾಗಿ ಮೇಲೆತ್ತಿದ ವಿಮಾನದ ರೆಕ್ಕೆಯ ಮೇಲೆ ಹಾಗಾದಾಗ ಎತ್ತುವ ಬಲ ಕುಸಿದು ವಿಮಾನವೇ ಕೆಳಗಿಳಿಯುತ್ತದೆ. ಡಾಲಂಬೇರನ ಕಾಲದಲ್ಲಿ ಕಾಗದದ ಮೇಲಿನ ತೊಡಕಾಗಿದ್ದುದು ಈಗ ಪ್ರಯಾಣಿಕರ ಜೀವದ ಪ್ರಶ್ನೆಯಾಗಿತ್ತು. ಕ್ರಿಕೆಟ್ ಬೌಲರನಿಗಂತೂ ಇದೇ ಪದರ ನಂಟ. ಓರೆಯಾಗಿ ಹಿಡಿದ ಚೆಂಡಿನ ಹೊಲಿಗೆ ಒಂದು ಪಕ್ಕದ ಸೀಮಾಪದರವನ್ನು ಕದಡುತ್ತದೆ. ಕದಡಿದ ಪದರ ಇನ್ನೊಂದು ಪಕ್ಕದ್ದಕ್ಕಿಂತ ಹೆಚ್ಚು ಹೊತ್ತು ಮೈಗಂಟಿಕೊಳ್ಳುವುದರಿಂದ ಚೆಂಡು ಹೊಲಿಗೆಯತ್ತ ತೇಲಿ ತಿರುಗುತ್ತದೆ.

ಪ್ರಾಂಟ್ಲನ ಪಾಠ ಬೆಂಗಳೂರಿಗೂ ನೇರವಾಗಿಯೇ ಬಂದಿತು. ಗಟಿಂಗೆನ್ನಿನಲ್ಲಿ ಆತನ ಶಿಷ್ಯರಾಗಿ 1936ರಲ್ಲಿ ಡಾಕ್ಟರೇಟ್ ಪಡೆದ ವಿ. ಎಂ. ಘಾಟಗೆಯವರು ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನು ಸೇರಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಆರಂಭವಾದ ವಿಮಾನಶಾಸ್ತ್ರ ವಿಭಾಗದಲ್ಲಿಯೂ ಬೋಧಿಸಿದರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆಕಾಶದಲ್ಲಿ ಮೊದಲ ಬಾರಿಗೆ ಹಾರಿತು. ಅದೇ ವರ್ಷ ಸಂಸ್ಥೆಯನ್ನು ಸೇರಿದ ಸತೀಶ್ ಧವನ್ ಮತ್ತು ಅವರ ಶಿಷ್ಯ ರೊದ್ದಂ ನರಸಿಂಹ ಶಾಂತಪ್ರವಾಹ ಪ್ರಕ್ಷುಬ್ಧವಾಗುವ ಗುಟ್ಟನ್ನೇ ಅರಸಿ, ಸೀಮಾಪದರದ ಅಧ್ಯಯನಕ್ಕೆ ಲೋಕಮನ್ನಣೆಯ ಕೊಡುಗೆ ನೀಡಿದರು.

ಇಷ್ಟಾದರೂ ಪ್ರಕ್ಷುಬ್ಧ ಪ್ರವಾಹದ ಪೂರ್ಣ ಸಿದ್ಧಾಂತ ಇನ್ನೂ ಕೈಗೆ ಸಿಕ್ಕಿಲ್ಲ. ಹೊಸದಾಗಿ ತರಗತಿಗೆ ಬಂದ ವಿದ್ಯಾರ್ಥಿ ಆಯ್ಲರನಿಂದ ಪ್ರಾಂಟ್ಲನವರೆಗಿನ ದಾರಿಯನ್ನು ಕೆಲವು ತಿಂಗಳುಗಳಲ್ಲಿ ನಡೆದು ಮುಗಿಸುತ್ತಾನೆ. ಲೆಕ್ಕದಲ್ಲಿ ಯಾವುದನ್ನಾದರೂ ಅಲ್ಪವೆಂದು ಬಿಡುವ ಮುನ್ನ ಅದು ಎಲ್ಲಿ ಅಲ್ಪ, ಎಲ್ಲಿ ಅಲ್ಲ ಎಂದು ಕೇಳಿಕೊಳ್ಳುವ ಅಭ್ಯಾಸವೇ ಅವನು ಅಲ್ಲಿಂದ ಹೊತ್ತು ತರುವ ದೊಡ್ಡ ಲಾಭ.