ಎದೆ ಒಡೆಯುವುದೆಂದರೆ

ದುಃಖದ ಸುದ್ದಿ ಕೇಳಿ 'ಎದೆ ಒಡೆದುಹೋಯಿತು' ಎನ್ನುವುದು ಕನ್ನಡದ ಹಳೆಯ ಮಾತು. ಈ ಮಾತನ್ನು ನೆನಪಿಸುವ ಹೃದಯರೋಗವೊಂದಕ್ಕೆ ಜಪಾನಿನ ವೈದ್ಯರು 1990ರಲ್ಲಿ 'ತಾಕೊತ್ಸುಬೊ' ಎಂದು ಹೆಸರಿಟ್ಟರು. ಅದು ಆಕ್ಟೋಪಸ್ ಹಿಡಿಯಲು ಅಲ್ಲಿನ ಮೀನುಗಾರರು ಕಡಲಿಗೆ ಇಳಿಬಿಡುವ ಮಡಕೆಯ ಹೆಸರು. ಕಿರಿದಾದ ಕುತ್ತಿಗೆ, ಉಬ್ಬಿದ ಹೊಟ್ಟೆ. ರೋಗಿಯ ಹೃದಯದ ಎಡ ಕೆಳಕೋಣೆಯೂ ಆಗ ಇದೇ ಆಕಾರ ತಾಳುತ್ತದೆ.

ಶೋಕವೊಂದೇ ಇದಕ್ಕೆ ಕಾರಣವಲ್ಲ, ಶಸ್ತ್ರಚಿಕಿತ್ಸೆಯೂ ಕಾರಣವಾಗಬಲ್ಲದು. ಅರಿವಳಿಕೆಯಲ್ಲಿ ಮನಸ್ಸು ಮಲಗಿದರೂ ದೇಹ ಪೂರ್ತಿ ಮಲಗಿರುವುದಿಲ್ಲ. ಗಾಯ, ರಕ್ತಸ್ರಾವ, ಎಚ್ಚರಾದಾಗಿನ ನೋವು, ಮೊದಲೇ ಇದ್ದ ಭಯ ಇವುಗಳಿಂದ ಅಡ್ರಿನಲಿನ್‌ನಂಥ ಹಾರ್ಮೋನುಗಳು ಏರುತ್ತವೆ. ಅವುಗಳ ಹೊಡೆತಕ್ಕೆ ಹೃದಯದ ತುದಿಯ ಸ್ನಾಯು ಕೆಲಕಾಲ ಮಂಕಾಗುತ್ತದೆಂದು ತಜ್ಞರ ಅಭಿಪ್ರಾಯ. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು.

ಎದೆನೋವು, ಏದುಸಿರು, ಇ.ಸಿ.ಜಿ.ಯ ಬದಲಾವಣೆ ಎಲ್ಲವೂ ಹೃದಯಾಘಾತದಂತೆಯೇ. ಆದರೆ ಆಂಜಿಯೋಗ್ರಾಂ ಮಾಡಿದರೆ ಅದಕ್ಕೆ ತಕ್ಕ ತಡೆ ರಕ್ತನಾಳದಲ್ಲಿ ಕಾಣದು. ಕೆಲವು ವಾರಗಳಲ್ಲಿ ಹೃದಯ ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಆರಂಭದ ದಿನಗಳಲ್ಲಿ ಮಾತ್ರ ಪ್ರಾಣಾಪಾಯವೂ ಉಂಟು.

ಆದ್ದರಿಂದ ಆಪರೇಶನ್ ಆದವರು 'ಎದೆ ಹಿಡಿದಂತಾಗುತ್ತದೆ' ಎಂದರೆ ಗ್ಯಾಸೆಂದೋ ಹೆದರಿಕೆಯೆಂದೋ ಸುಮ್ಮನಾಗಬಾರದು. ಹೆದರಿಕೆಯೂ ಹೃದಯವನ್ನು ಮುಟ್ಟುತ್ತದೆ. ಉಡುಪಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಶಿರೂರಿನಿಂದ ಮಣಿಪಾಲದ ದೊಡ್ಡಾಸ್ಪತ್ರೆ 70 ಕಿ.ಮೀ.ಗೂ ಹೆಚ್ಚು ದೂರ. ಮನೆಗೆ ಮರಳಿದ ಮೇಲೆ ಇಂಥ ನೋವು ಬಂದರೆ ಬೆಳಗಾಗಲೆಂದು ಕಾಯುವುದು ಸಲ್ಲದು. ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇ.ಸಿ.ಜಿ.ಯನ್ನಾದರೂ ಆ ಕೂಡಲೇ ಮಾಡಿಸಬೇಕು.